ಕೊಸರಿಗೆ ಬಂದ ಕಡಲು

ಬೇರೆ ಊರುಗಳಲ್ಲಿ ಕೊಸರು ಅಂದರೆ ಸೊಪ್ಪಿನವಳು ಕಟ್ಟಿನ ಮೇಲೆ ಪುಕ್ಕಟೆಯಾಗಿ ಇಡುವ ನಾಲ್ಕು ದಂಟು ಅಂತ ಕೇಳಿದ್ದೇನೆ. ನಾನು ಬೇರೆ ಊರು ನೋಡಿದವಳಲ್ಲ. ನಮ್ಮ ಬಸ್ ಸ್ಟ್ಯಾಂಡಿನಿಂದ ಹೊರಟ ಬಸ್ಸು ಒಂದಷ್ಟು ದೂರ ಓಡಿ ಮತ್ತೆ ನಮ್ಮ ಬಸ್ ಸ್ಟ್ಯಾಂಡಿಗೇ ಬಂದು ನಿಲ್ಲುತ್ತದೆ. ಕಂಡಕ್ಟರು ಮಾತ್ರ ಟಿಕೆಟ್ ಹರಿಯುವುದನ್ನು ಮರೆಯುವುದಿಲ್ಲ. ಹೀಗಾಗಿ ನಮ್ಮೂರಿನ ಪದ್ಧತಿಯೇ ನನಗೆ ಪದ್ಧತಿ. ನಮ್ಮೂರಿನಲ್ಲಿ ಕೊಸರಿಗೆ ದುಡ್ಡು ಕೊಡಬೇಕು.

ಪುಟ್ಟಮಾದಪ್ಪನ ಆಟದ ಮನೆಯಲ್ಲಿ ಗೋಡೆಯಗಲದ ಟಿವಿ ಇದೆ. ಅದರಲ್ಲಿ ಇರುವುದು ಒಂದೇ ವಿಡಿಯೊ ಗೇಮ್, ಆ ಗೇಮಿನೊಳಗೆ ಇರುವುದು ನಮ್ಮೂರು. ನನ್ನ ಹಿಟ್ಟಿನ ಗಿರಣಿ, ಎದುರಿನ ಸೈಕಲ್ ಅಂಗಡಿ, ಪಕ್ಕದ ಮನೆ ರುಕ್ಮಾಬಾಯಿಯ ಎಮ್ಮೆ, ಎಲ್ಲ ಅದರಲ್ಲಿವೆ. ಆಗಾಗ ಆ ಆಟಕ್ಕೆ ಹೊಸದೊಂದು ಸೇರ್ಪಡೆ ಮಾರಾಟಕ್ಕೆ ಬರುತ್ತದೆ. ಕಾಲೇಜಿನವರು ಅದನ್ನು ಡಿಎಲ್‌ಸಿ ಅನ್ನುತ್ತಾರೆ, ಉಳಿದವರೆಲ್ಲ ಕೊಸರು ಅನ್ನುತ್ತೇವೆ. ಊರವರು ಚಂದಾ ಎತ್ತಿ ಅದನ್ನು ಕೊಂಡರೆ, ಟಿವಿಯಲ್ಲಿ ಬಂದದ್ದು ಬೆಳಗಾಗುವಷ್ಟರಲ್ಲಿ ಊರಿನಲ್ಲೂ ಬಂದಿರುತ್ತದೆ. ಬಸ್ ಸ್ಟ್ಯಾಂಡಿನ ಹಿಂದಿನ ಗುಡ್ಡ ಹಾಗೆ ಬಂದದ್ದು. ಚಳಿಗಾಲ ಹಾಗೆ ಬಂದದ್ದು. ಭಾನುವಾರ ಕೂಡ ಕೊಸರೇ. ನಮ್ಮ ಅತ್ತೆ ಸೊಸೆಯಾಗಿ ಬಂದ ಕಾಲದಲ್ಲಿ ಶನಿವಾರ ಕಳೆದರೆ ಸೋಮವಾರವೇ ಆಗುತ್ತಿತ್ತಂತೆ. ಅದನ್ನು ಹೇಳುವಾಗೆಲ್ಲ ಅವರು ನನ್ನ ಕಡೆ ನೋಡುತ್ತಿದ್ದ ನೋಟಕ್ಕೆ, ಭಾನುವಾರ ಮಧ್ಯಾಹ್ನ ಕಾಲು ಚಾಚಿ ಮಲಗಲು ನನಗೆ ಧೈರ್ಯವೇ ಬರುತ್ತಿರಲಿಲ್ಲ.

ಕೊಂಡದ್ದು ಹಿಡಿಸದಿದ್ದರೆ ಒಂದು ವಾರದೊಳಗೆ ವಾಪಸ್ ಮಾಡಬಹುದು. ಪುಟ್ಟಮಾದಪ್ಪ ಗುಂಡಿ ಒತ್ತಿದರೆ ಬಂದದ್ದು ಹೋಗುತ್ತದೆ, ಹೋದ ದುಡ್ಡು ಬರುತ್ತದೆ. ಆದರೆ ಒತ್ತಬೇಕೋ ಬೇಡವೋ ಎಂದು ಹೇಳಲು ಊರಿಗೆ ಒಬ್ಬರು ಬೇಕಲ್ಲ. ಅವರು ನಮ್ಮ ಯಜಮಾನರು, ಮರಿಸ್ವಾಮಿ.

ಅವರ ಕೆಲಸ ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರೀಕ್ಷೆ ಮಾಡುವುದು. ಮದುವೆಯಾದ ಹೊಸತರಲ್ಲಿ ನನ್ನ ಗಿರಣಿಯ ತಕ್ಕಡಿಯನ್ನೂ ಪರೀಕ್ಷಿಸಿ, ಒಂದು ಚಿಟಿಕೆ ಹಿಟ್ಟಿನಷ್ಟು ವ್ಯತ್ಯಾಸ ಕಂಡಿದ್ದಕ್ಕೆ ನನಗೇ ದಂಡ ಹಾಕಿದರು. ದಂಡದ ರಸೀದಿಯನ್ನು ನನ್ನ ಕೈಗಿಟ್ಟು, ಊಟಕ್ಕೆ ಏನು ಮಾಡಿದ್ದೀಯ ಅಂತ ಕೇಳಿದರು. ಅವತ್ತು ನಾನು ಏನು ಬಡಿಸಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಅವರಂತೂ ಇನ್ನೂ ಮರೆತಿಲ್ಲ. ಅಂಥ ಮನುಷ್ಯನ ಮಾತಿಗೆ ಊರು ತಲೆ ಬಾಗುವುದರಲ್ಲಿ ಆಶ್ಚರ್ಯವಿಲ್ಲ. ಕೊಸರು ಬಂದ ವಾರವೆಲ್ಲ ಅವರು ಅದರಲ್ಲಿ ಓಡಾಡಿ, ಟಿವಿಯ ಮುಂದೆ ಕೂತು ಆಡಿ, ಭಾನುವಾರ ಆಟದ ಮನೆಯ ಕಟ್ಟೆ ಹತ್ತಿ ತೀರ್ಪು ಹೇಳುತ್ತಾರೆ. ತೀರ್ಪು ಹೆಚ್ಚಾಗಿ ಒಂದೇ: ಬೇಡ. ಊರೆಲ್ಲ ಅವರನ್ನು ಬೆನ್ನ ಹಿಂದೆ ಬೇಡಪ್ಪ ಅನ್ನುತ್ತದೆ. ಸಿಟ್ಟು ಬಂದಾಗ ನಾನು ಮುಂದೆಯೇ ಅನ್ನುತ್ತೇನೆ.

ಅವರ 'ಬೇಡ'ಕ್ಕೆ ಕಾರಣವೂ ಇರುತ್ತಿತ್ತು ಅನ್ನಿ. ಒಮ್ಮೆ ಎಮ್ಮೆಗಳಿಗೆ ಜರತಾರಿ ಹೊದಿಕೆಯ ಕೊಸರು ಬಂತು. ಬೆಳಗ್ಗೆ ಎದ್ದರೆ ಊರಿನ ಎಮ್ಮೆಗಳೆಲ್ಲ ಮದುವಣಗಿತ್ತಿಯರು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಇವರು ಹಾಲು ಕರೆಯುವಲ್ಲಿಗೆ ಅಳತೆಯ ಪಾತ್ರೆ ಹಿಡಿದು ಹೋದರು. ಹಾಲು ಮೊದಲಿನಷ್ಟೇ ಇತ್ತು. ನೋಡಲು ಚಂದ, ಬೇರೇನೂ ಇಲ್ಲ, ಬೇಡ ಅಂದರು. ಹೊದಿಕೆ ಹೋದ ಮೇಲೆ ರುಕ್ಮಾಬಾಯಿಯ ಎಮ್ಮೆ ಮುಖ ಊದಿಸಿಕೊಂಡು ಕೆಲವು ದಿನ ಹಾಲನ್ನೇ ಕೊಡಲಿಲ್ಲ. ಇನ್ನೊಮ್ಮೆ ಹೊಸ ಕೇರಿಯೊಂದು ಬಂತು. ಸಾಲಾಗಿ ಅಂಗಡಿಗಳು, ಎಲ್ಲ ಅಂಗಡಿಗಳಲ್ಲೂ ಒಬ್ಬನೇ ಮೀಸೆಯವನು. ಮಿಠಾಯಿ ಕೊಡುವವನೂ ಅವನೇ, ಬಳೆ ತೊಡಿಸುವವನೂ ಅವನೇ. ಹೆಂಗಸರು ಬಳೆಯಂಗಡಿಯಿಂದ ಕಾಲ್ತೆಗೆದರು, ಇವರು ಬೇಡ ಅಂದರು, ಪುಟ್ಟಮಾದಪ್ಪ ಗುಂಡಿ ಒತ್ತಿದ. ಮಿಠಾಯಿ ಅಂಗಡಿಯ ಮುಂದೆ ಬಿಟ್ಟಿದ್ದ ತನ್ನ ಚಪ್ಪಲಿ ಅವನಿಗೆ ನೆನಪಾದದ್ದು ಆಮೇಲೆ. ಆ ಕೇರಿಯಲ್ಲಿ ನನ್ನ ಚಪ್ಪಲಿ ಇವೆ ಎಂದು ಇವತ್ತಿಗೂ ಹೇಳಿಕೊಳ್ಳುತ್ತಾನೆ, ಅಲ್ಲೊಂದು ಆಸ್ತಿ ಇರುವವನ ಹಾಗೆ.

ಇವರ ನಿಜವಾದ ಸಿಟ್ಟು ಬೇರೆಯೇ ಇತ್ತು. ಊರು ಮಾಡಿದವರು ಮೊದಲು ಇಡೀ ಊರನ್ನು ಮಾಡಿಟ್ಟು, ಆಮೇಲೆ ಅದರಿಂದ ಒಂದೊಂದೇ ಕಿತ್ತು ಬಚ್ಚಿಟ್ಟುಕೊಂಡು, ನಮ್ಮದನ್ನು ನಮಗೇ ಮಾರುತ್ತಾರೆ ಎಂಬುದು ಅವರ ವಾದ. ಭಾನುವಾರವನ್ನೇ ನೋಡಿ ಅನ್ನುತ್ತಿದ್ದರು. ವಾರ ಮಾಡುವವರು ಒಂದು ದಿನ ಮರೆತು ಬಿಡುತ್ತಾರೆಯೇ, ಬೇಕಂತಲೇ ಬಿಟ್ಟದ್ದು. ಭಾನುವಾರದ ಕೋಳಿ ಸಾರು ಉಣ್ಣುತ್ತಲೇ ಇದನ್ನು ಹೇಳುತ್ತಿದ್ದರು.

ನನಗೆ ಇದಾವುದರ ಗೊಡವೆಯೂ ಇರಲಿಲ್ಲ. ಬೆಳಗ್ಗೆ ಗಿರಣಿಯ ಬೆಲ್ಟು ಏರಿಸಿದರೆ ಸಂಜೆಯವರೆಗೆ ಅದರ ಸದ್ದು. ರಾಗಿ, ಗೋಧಿ, ಅಕ್ಕಿ, ರುಕ್ಮಾಬಾಯಿಯ ಹಪ್ಪಳಕ್ಕೆ ಉದ್ದು. ಸಂಜೆ ಸ್ವಿಚ್ಚು ಆರಿಸಿದರೆ ಹೊರಗಿನ ಗಿರಣಿ ನಿಲ್ಲುತ್ತದೆ, ನನ್ನ ಕಿವಿಯೊಳಗಿನದು ನಿಲ್ಲುವುದಿಲ್ಲ. ಊಟಕ್ಕೆ ಕೂತರೂ ಗುಂಯ್, ಮಲಗಿದರೂ ಗುಂಯ್. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ, ಆ ಅಯ್ಯೋ ಪಾಪವೂ ನನಗೆ ಸರಿಯಾಗಿ ಕೇಳಿಸುವುದಿಲ್ಲ.

ಹೀಗಿರುವಾಗ ಒಂದು ದಿನ ಪುಟ್ಟಮಾದಪ್ಪನಿಗೆ ಹಿಟ್ಟು ಕೊಡಲು ಆಟದ ಮನೆಗೆ ಹೋದೆ. ಟಿವಿಯಲ್ಲಿ ಹೊಸ ಕೊಸರಿನ ಜಾಹೀರಾತು ಬರುತ್ತಿತ್ತು. ಹೆಸರು 'ಕಡಲು'. ಅದರಲ್ಲಿ ಮಹಡಿ ಮನೆಯಂಥ ಹಡಗಿತ್ತು, ದೀಪಸ್ತಂಭವಿತ್ತು, ಸೂರ್ಯ ಮುಳುಗುತ್ತಿದ್ದ ಎಂದು ಆಮೇಲೆ ಬೇರೆಯವರು ಹೇಳಿ ತಿಳಿಯಿತು. ನಾನು ನೋಡಲಿಲ್ಲ, ಕೇಳಿದೆ. ಅಲೆ ಬಂದು ಮರಳಿನ ಮೇಲೆ ಸರಿದು ಹಿಂದೆ ಹೋಗುವ ಸದ್ದು. ಅದು ಕಿವಿಗೆ ಬಿದ್ದದ್ದೇ ತಡ, ಒಳಗಿನ ಗಿರಣಿ ನಿಂತುಹೋಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಿಂತದ್ದು. ಹಿಟ್ಟಿನ ಚೀಲವನ್ನು ಎದೆಗವಚಿಕೊಂಡು, ಜಾಹೀರಾತು ಮತ್ತೆ ಬರುವ ತನಕ ಅಲ್ಲೇ ನಿಂತೆ. ಪುಟ್ಟಮಾದಪ್ಪ ಚೀಲ ತೆಗೆದುಕೊಳ್ಳಲು ಬಂದರೆ ಕೊಡಲಿಲ್ಲವಂತೆ.

ಆ ಭಾನುವಾರ ಊರು ಸೇರಿದಾಗ ನಾನೇ ಎದ್ದು ನಿಂತು ಕಡಲು ಕೊಳ್ಳೋಣ ಅಂದೆ. ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಯಜಮಾನರು ನನ್ನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಊರು ಮಾತ್ರ ಹಡಗು ನೋಡಿ ಹುಚ್ಚೆದ್ದಿತ್ತು. ಹಡಗು ಬಂದರೆ ಅದರಲ್ಲಿ ಹಪ್ಪಳ ಮಾರುವುದು ತಾನೇ ಎಂದು ರುಕ್ಮಾಬಾಯಿ ಅಲ್ಲೇ ಕೂಗಿ ಹೇಳಿದಳು. ಚಂದಾ ನಿಂತ ನಿಲುವಿನಲ್ಲೇ ಸೇರಿತು. ಮನೆಗೆ ಬಂದ ಮೇಲೆ ಇವರು ಏನಕ್ಕೆ ಅಂತ ಕೇಳಿದರು, ನಾನು ಸುಮ್ಮನೆ ಅಂದೆ. ಸುಮ್ಮನೆಗೆ ಬೆಲೆ ಕಟ್ಟುವುದು ಹೇಗೆ ಎಂದು ಅವರು ಬಹಳ ಹೊತ್ತು ತಲೆ ಕೆರೆದುಕೊಂಡರು.

ಬೆಳಗ್ಗೆ ಎಮ್ಮೆಗಳ ಕೆರೆಯ ಹಿಂದಿನ ಬಯಲಿನಲ್ಲಿ ಕಡಲು ಬಂದಿತ್ತು. ಊರಿಗೆ ಊರೇ ಓಡಿತು. ಓಡಿದವರು ಅಷ್ಟೇ ಬೇಗ ನಿಂತರು, ಯಾಕೆಂದರೆ ಕಡಲು ಮುಗಿದಿತ್ತು. ಒಂದು ಮದುವೆ ಚಪ್ಪರ ಹಾಕಿದರೆ ಎಷ್ಟು ಉದ್ದವೋ ಅಷ್ಟು. ಆ ತುದಿಗೆ ಹೋದರೆ ಆಕಾಶಕ್ಕೆ ಹಣೆ ಬಡಿಯುತ್ತಿತ್ತು, ಈ ತುದಿಗೆ ಬಂದರೂ ಬಡಿಯುತ್ತಿತ್ತು. ಮೇಕೆಗಳು ಮೊದಲು ಗೊಂದಲಕ್ಕೆ ಬಿದ್ದು, ಆಮೇಲೆ ಆಕಾಶಕ್ಕೆ ಬೆನ್ನು ಉಜ್ಜಿಕೊಳ್ಳುವುದನ್ನು ಕಲಿತವು. ಹಡಗು ಇರಲಿಲ್ಲ. ಪುಟ್ಟಮಾದಪ್ಪ ಕನ್ನಡಕ ಹಾಕಿಕೊಂಡು ಜಾಹೀರಾತಿನ ಕೆಳಗಿನ ಸಣ್ಣ ಅಕ್ಷರ ಓದಿದ. ಹಡಗು ಬೇರೆ ಕೊಸರು, ದೀಪಸ್ತಂಭ ಬೇರೆ ಕೊಸರು ಎಂದಿತ್ತು. ಸೂರ್ಯ ಮುಳುಗುವುದು ಮಾತ್ರ ಇದರಲ್ಲೇ ಸೇರಿತ್ತು, ಅದೂ ನಮ್ಮ ಹಳೆಯ ಸೂರ್ಯನೇ.

ಕಡಲಿನ ಜೊತೆಗೆ ಒಬ್ಬ ಮೀನುಗಾರನೂ ಒಂದು ದೋಣಿಯೂ ಬಂದಿದ್ದವು. ಮೀನುಗಾರನಿಗೆ ಮೂರೇ ಮಾತು ಬರುತ್ತಿದ್ದವು. ಇವತ್ತು ಗಾಳಿ ಜೋರು ಅನ್ನುತ್ತಿದ್ದ. ಮೀನು ಬೇಕಾ ಅನ್ನುತ್ತಿದ್ದ. ನನ್ನ ದೋಣಿಗೊಂದು ಹಗ್ಗ ತಂದುಕೊಡ್ತೀರಾ ಅನ್ನುತ್ತಿದ್ದ. ಹಗ್ಗ ಕೊಟ್ಟರೆ ಒಂದು ಕಪ್ಪೆಚಿಪ್ಪು ಕೊಟ್ಟು, ಮರುಕ್ಷಣವೇ ಮತ್ತೆ ಹಗ್ಗ ಕೇಳುತ್ತಿದ್ದ. ನಮ್ಮೂರ ಜನಕ್ಕೆ ಯಾರಾದರೂ ಬಾಯಿ ಬಿಟ್ಟು ಕೇಳಿದರೆ ಇಲ್ಲ ಅಂದು ಗೊತ್ತಿಲ್ಲ. ಎಮ್ಮೆ ಕಟ್ಟುವ ಹಗ್ಗ, ಬಟ್ಟೆ ಒಣಹಾಕುವ ಹಗ್ಗ, ತೊಟ್ಟಿಲಿನ ಹಗ್ಗ, ಕೊನೆಗೆ ಬಾವಿಯ ಹಗ್ಗ, ಎಲ್ಲ ಅವನ ದೋಣಿ ಸೇರಿದವು. ಮನೆ ಮನೆಯಲ್ಲೂ ಕಪ್ಪೆಚಿಪ್ಪು ರಾಶಿ ಬಿದ್ದವು, ನೀರು ಸೇದಲು ಹಗ್ಗವಿಲ್ಲ. ಎಮ್ಮೆಗಳು ಹೋದದ್ದೇ ದಾರಿ. ಇಷ್ಟರ ಮೇಲೆ ಕಡಲ ಗಾಳಿಗೆ ರುಕ್ಮಾಬಾಯಿಯ ಹಪ್ಪಳ ಒಣಗದೆ ಮೆತ್ತಗೆ ತೂಗಾಡತೊಡಗಿದವು. ಅವಳು ಒಂದು ಹಪ್ಪಳವನ್ನು ಎತ್ತಿಕೊಂಡು ಬಂದು, ಏನೂ ಹೇಳದೆ, ನನ್ನ ಮುಂದೆ ನಾಲ್ಕು ಮಡಿಕೆ ಮಡಿಸಿ ತೋರಿಸಿ ಹೋದಳು. ಹೊಟ್ಟೆ ಉರಿದವರು ಇನ್ನು ಹೇಗೆ ತೋರಿಸಬೇಕು.

ನಾನು ಮಾತ್ರ ದಿನಾ ಸಂಜೆ ಗಿರಣಿ ನಿಲ್ಲಿಸಿದ ಕೂಡಲೇ, ಮೈಮೇಲಿನ ಹಿಟ್ಟನ್ನೂ ಕೊಡವದೆ ಅಲ್ಲಿಗೆ ಹೋಗುತ್ತಿದ್ದೆ. ಮರಳಿನ ಮೇಲೆ ಕೂತು ಕಣ್ಣು ಮುಚ್ಚಿದರೆ ಕಡಲು ಗಿಡ್ಡವೋ ಉದ್ದವೋ ಯಾರಿಗೆ ಬೇಕು. ಕಿವಿ ಖಾಲಿಯಾಗುತ್ತಿತ್ತು. ಆ ಖಾಲಿಯಲ್ಲಿ ನನಗೆ ಎಷ್ಟೋ ಕೇಳಿಸುತ್ತಿತ್ತು. ದೂರದಲ್ಲಿ ಯಾರೋ ಕೆಮ್ಮಿದ್ದು, ಮೇಕೆಯ ಗೊರಸು, ನನ್ನ ಉಸಿರು. ಒಂದು ದಿನ ಅಲ್ಲೇ ಅತ್ತೂ ಬಿಟ್ಟೆ. ಮೀನುಗಾರ ಹತ್ತಿರ ಬಂದು ಇವತ್ತು ಗಾಳಿ ಜೋರು ಅಂದ. ಅವನ ಮೂರು ಮಾತಿನಲ್ಲಿ ಆ ಹೊತ್ತಿಗೆ ಹೊಂದುವುದು ಅದೇ ಇತ್ತು.

ಯಜಮಾನರು ಆ ವಾರವೆಲ್ಲ ತಮ್ಮ ಕೆಲಸ ಮಾಡುತ್ತಿದ್ದರು. ಈ ತುದಿಯಿಂದ ಆ ತುದಿಗೆ ನಡೆದರು, ನೀರು ನೆಕ್ಕಿ ನೋಡಿ ಉಪ್ಪು ಸರಿಯಾಗಿದೆ ಅಂದರು, ಟಿವಿಯಲ್ಲೂ ಆಡಿ ನೋಡಿದರು. ಚಹಾ ಆರುವ ಮೊದಲೇ ಆಟ ಮುಗಿಯಿತಂತೆ. ಮನೆಯಲ್ಲಿ ಅವರ ಮುಖ ನೋಡಿದರೆ ತೀರ್ಪು ಏನೆಂದು ಕೇಳುವ ಅಗತ್ಯವೇ ಇರಲಿಲ್ಲ. ಜೀವಮಾನದಲ್ಲಿ ನಾನು ಇದೊಂದನ್ನು ಬೇಕು ಅಂದದ್ದು. ಭಾನುವಾರ ಇವರು ಒಂದು ಮಾತು ಆಡಿದರೆ ಅದು ಹೋಗುತ್ತದೆ, ಗುಂಯ್ ಅನ್ನುವುದು ಮತ್ತೆ ಬರುತ್ತದೆ. ನನಗಾಗಿ ಬೇರೆ ಮಾತು ಆಡಿ ಎಂದು ಕೇಳಲು ಬಾಯಿಯೂ ಬರಲಿಲ್ಲ.

ಶನಿವಾರ ಸಂಜೆ ಅವರೇ ಕಡಲ ಹತ್ತಿರ ಬಂದು ನನ್ನ ಪಕ್ಕ ಕೂತರು. ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ ತಪ್ಪು ತೂಕದ ಕಲ್ಲು ಸಿಕ್ಕಾಗಿನ ದನಿಯಲ್ಲಿ ಹೇಳಿದರು: "ಅಲೆ ಮತ್ತೆ ಮತ್ತೆ ಅವೇ ಬರ್ತಾವೆ ಕಣೇ. ನೋಡು, ಗಿಡ್ಡದೊಂದು, ಆಮೇಲೆ ನೊರೆ ಇರೋ ದಪ್ಪಂದು, ಆಮೇಲೆ ತಿರುಗ ಅದೇ ಗಿಡ್ಡದು."

"ನಿಮ್ಮ ಗೊರಕೇನೂ ಹಂಗೇ ಬರ್ತದೆ. ಅದನ್ನೇನು ವಾಪಸ್ ಮಾಡಿದ್ನಾ?" ಅಂದೆ.

ಅವರು ನಗು ತಡೆದುಕೊಂಡರು. ದಿನಾ ಇಲ್ಲಿ ಬಂದು ಏನು ಮಾಡುತ್ತೀಯ ಎಂದು ಕೇಳಿದರು. ಆಗ ಕಿವಿಯ ವಿಷಯ ಹೇಳಿದೆ, ಅದು ಇಲ್ಲಿ ಮಾತ್ರ ನಿಲ್ಲುತ್ತದೆ ಎಂದೂ ಹೇಳಿದೆ. ಅವರು ನನ್ನ ಕಿವಿಯನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು. ಯಾವಾಗಿನಿಂದ ಅಂದರು, ಗಿರಣಿ ಶುರು ಮಾಡಿದಾಗಿನಿಂದ ಅಂದೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಗಿರಣೀನೇ ಬೇಡ ಅಂತಿದ್ರಿ."

ಖಂಡಿತ ಅನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. ನನಗೆ ಇನ್ನೊಂದು ಮಾತು ಹೇಳಬೇಕಿತ್ತು. ಹೇಳಿದರೆ ನನ್ನ ಕೈಯಾರೆ ಕಡಲನ್ನು ಕಳಿಸಿಕೊಟ್ಟ ಹಾಗೆ, ಹೇಳದಿದ್ದರೆ ಈ ಮನುಷ್ಯ ಕಟ್ಟೆಯ ಮೇಲೆ ನಿಂತು ನಾಳೆ ಏನು ಮಾಡುತ್ತಾರೋ ಎಂಬ ಹೆದರಿಕೆ. ಹೇಳಿಯೇ ಬಿಟ್ಟೆ.

"ನಾಳೆ ನನ್ನ ಮುಖ ನೋಡ್ಕೊಂಡು ತೀರ್ಪು ಹೇಳ್ಬೇಡಿ. ಕಟ್ಕೊಂಡ ಹೆಂಡ್ತಿಗೇ ದಂಡ ಹಾಕ್ದೋರು ನೀವು. ನನಗೋಸ್ಕರ ಸುಳ್ಳು ಹೇಳಿದ್ರೆ ಆಮೇಲೆ ನಿಮ್ಮ ಜೊತೆ ಬಾಳೋದು ಹೆಂಗೆ?"

ಇಬ್ಬರೂ ಎದ್ದು ಮರಳು ಕೊಡವಿಕೊಂಡು ಮನೆಗೆ ಬಂದೆವು. ಅವತ್ತು ಅವರು ಅನ್ನಕ್ಕೆ ಮಜ್ಜಿಗೆಯನ್ನೂ ಕೇಳಲಿಲ್ಲ.

ಭಾನುವಾರ ಆಟದ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಜನ ಹಗ್ಗ ಕಳೆದುಕೊಂಡ ಸಿಟ್ಟಿನಲ್ಲಿದ್ದರು. ರುಕ್ಮಾಬಾಯಿ ಮೆತ್ತಗಿನ ಹಪ್ಪಳಗಳನ್ನು ಹೆಗಲ ಮೇಲೆ ಟವೆಲ್ಲಿನಂತೆ ಹಾಕಿಕೊಂಡು ಬಂದಿದ್ದಳು. ಪುಟ್ಟಮಾದಪ್ಪ ಟಿವಿಯ ಪಕ್ಕ ಬೆರಳು ಮುಂದೆ ಮಾಡಿಕೊಂಡೇ ನಿಂತಿದ್ದ. ನಾನು ಹಿಂದೆ, ಕಂಬಕ್ಕೆ ಒರಗಿ ನಿಂತೆ. ಯಜಮಾನರು ಕಟ್ಟೆ ಹತ್ತಿ ಒಂದೊಂದೇ ಹೇಳತೊಡಗಿದರು. ಕಡಲು ಬಹಳ ಸಣ್ಣದು ಅಂದರು. ಹೊಸ ಮನುಷ್ಯ ಒಬ್ಬನೇ, ಅವನಿಗೂ ಮೂರೇ ಮಾತು ಅಂದರು. ಅವನು ಹಗ್ಗ ಕೇಳುವುದು ಬರೀ ಹೊತ್ತು ಕಳೆಯಲು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಅಂದರು. ಅಲೆಗಳು ತಿರುಗಿ ತಿರುಗಿ ಅವೇ ಬರುತ್ತವೆ ಎಂದೂ ಬಿಡದೆ ಹೇಳಿದರು. ಕೊನೆಗೆ, ನಮ್ಮೂರಲ್ಲಿ ತಲೆತಲಾಂತರದಿಂದ ಕಡಲಬೀದಿ ಅಂತ ಒಂದು ಬೀದಿ ಇದೆಯಲ್ಲ, ಕಡಲೇ ಇಲ್ಲದ ಊರಿಗೆ ಆ ಹೆಸರು ಎಲ್ಲಿಂದ ಬಂತು ಎಂದು ಕೇಳಿದರು. ಕಡಲು ಮೊದಲಿನಿಂದ ನಮ್ಮದೇ, ಕಿತ್ತಿಟ್ಟುಕೊಂಡು ನಮಗೇ ಮಾರಿದ್ದಾರೆ ಅಂದರು. ಜನ ಹೌದು ಹೌದು ಎಂದು ಗದ್ದಲವೆಬ್ಬಿಸಿದರು. ಒಂದು ಮಾತೂ ಸುಳ್ಳಿರಲಿಲ್ಲ. ನಾನು ಹೇಳಿದಂತೆಯೇ ಮಾಡುತ್ತಿದ್ದಾರೆ ಎಂದು ನನಗೆ ಹೆಮ್ಮೆಯಾಗಬೇಕಿತ್ತು. ಹೆಮ್ಮೆಯೂ ಆಯಿತು, ಕಣ್ಣಲ್ಲಿ ನೀರೂ ಬಂತು.

"ಬೆಲೆಗೆ ತಕ್ಕದ್ದಲ್ಲ," ಅಂದರು ಯಜಮಾನರು. ಪುಟ್ಟಮಾದಪ್ಪನ ಬೆರಳು ಗುಂಡಿಯ ಮೇಲೆ ಹೋಯಿತು. "ಒತ್ಬೇಡ. ಇಟ್ಕೊಳ್ಳೋಣ."

ಬೇಡ ಅನ್ನುವುದು ಊರಿಗೆ ಗೊತ್ತು. ಅಪರೂಪಕ್ಕೆ ಇರಲಿ ಅನ್ನುವುದೂ ಗೊತ್ತು. ಬೆಲೆಗೆ ತಕ್ಕದ್ದಲ್ಲ, ಆದರೂ ಇರಲಿ ಅನ್ನುವುದನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಪುಟ್ಟಮಾದಪ್ಪನ ಬೆರಳು ಗಾಳಿಯಲ್ಲೇ ನಿಂತಿತು.

"ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡ್ಬೇಡಿ ಮರಿಸ್ವಾಮಣ್ಣ," ಅಂದಳು ರುಕ್ಮಾಬಾಯಿ. "ತಕ್ಕದ್ದಲ್ಲ ಅಂದ್ಮೇಲೆ ಯಾಕೆ ಇಟ್ಕೋಬೇಕು?"

ಅವರು ಕಟ್ಟೆಯ ಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಇಷ್ಟು ವರ್ಷ ಅಲ್ಲಿ ನಿಂತು ಮಾತಾಡಿದವರು, ಮಾತಿಗೆ ತಡಕಾಡಿದ್ದನ್ನು ನಾನು ನೋಡಿದ್ದು ಅವತ್ತೇ.

"ನೀವು ಬೆಲೆ ಕೇಳಿದ್ರಿ, ನಾನು ಹೇಳ್ದೆ. ನಮ್ಮ ಮನೆಯೋಳು ನಿಮ್ಮೆಲ್ಲರ ಹಿಟ್ಟು ಬೀಸಿ ಬೀಸಿ ಕಿವಿಯೊಳಗೆ ಗಿರಣಿ ಇಟ್ಕೊಂಡೇ ಮಲಗ್ತಾಳೆ. ನಂಗೂ ನೆನ್ನೆವರೆಗೂ ಗೊತ್ತಿರಲಿಲ್ಲ. ಆ ಕಡಲ ಹತ್ರ ಕೂತ್ರೆ ಅದು ನಿಲ್ಲುತ್ತಂತೆ. ಇದಕ್ಕೆ ಎಷ್ಟು ಕೊಡಬಹುದು ಅನ್ನೋದು ನಂಗೆ ಗೊತ್ತಿಲ್ಲ. ಬೇಕಾದ್ರೆ ನನ್ನ ಕೆಲಸ ಬೇರೆ ಯಾರಿಗಾದ್ರೂ ಕೊಡಿ."

ಇಷ್ಟು ಹೇಳಿ ಕಟ್ಟೆ ಇಳಿದರು. ಊರಿನ ತಲೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು, ಎಲ್ಲರೂ ನನ್ನ ಕಿವಿಗಳನ್ನೇ ನೋಡುತ್ತಿದ್ದರು. ನಾಚಿಕೆಯಾಗಿ ಸೆರಗು ಎಳೆದು ಎರಡನ್ನೂ ಮುಚ್ಚಿಕೊಂಡೆ. ಹೀಗಾಗಿ ರುಕ್ಮಾಬಾಯಿ ಆಗ ಹೇಳಿದ್ದನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತನ್ನ ಉದ್ದಿನ ಹಿಟ್ಟು ಬೇರೆ ಯಾರ ಗಿರಣಿಯದು, ಹಪ್ಪಳವನ್ನು ಗುಡ್ಡದ ಮೇಲೆ ಒಣಗಿಸಿದರಾಯಿತು, ಆದರೆ ಆ ಮೀನುಗಾರನಿಗೆ ಇನ್ನು ಯಾರಾದರೂ ಹಗ್ಗ ಕೊಟ್ಟರೆ ಕಾಲು ಮುರಿಯುತ್ತೇನೆ ಅಂದಳಂತೆ. ಪುಟ್ಟಮಾದಪ್ಪ ಬೆರಳನ್ನು ಜೇಬಿಗೆ ಹಾಕಿಕೊಂಡ. ಕೆಲವರು ಗೊಣಗಿದರು. ಕಷಾಯ ಕುಡಿದಂಥ ಕಹಿ ಮುಖ ಮಾಡಿಕೊಂಡು ಮನೆಗೆ ಹೋದವರೂ ಇದ್ದರು. ವಾರದ ಗಡುವು ಮುಗಿದು ವಾಪಸ್ ಗುಂಡಿ ಟಿವಿಯಿಂದ ತಾನಾಗಿ ಮಾಯವಾಯಿತು.

ಆ ಸಂಜೆ ನಾವಿಬ್ಬರೂ ಕಡಲಿಗೆ ಹೋದೆವು. ಬೆಲೆಗೆ ತಕ್ಕದ್ದಲ್ಲ ಅಂದದ್ದು ನಿಜವೋ, ಜನರ ಬಾಯಿಗೆ ಹೆದರಿ ಅಂದದ್ದೋ ಎಂದು ಕೇಳಿದೆ. ನಿಜವೇ ಅಂದರು, ಬೇಸರವಾಯಿತಾ ಅಂದರು. ಬೇಸರವೆಲ್ಲಿ ಬಂತು. ಒಂದು ಸುಳ್ಳನ್ನೂ ಹೇಳದೆ ನನ್ನ ಕಡಲನ್ನು ಉಳಿಸಿಕೊಟ್ಟ ಈ ಬೇಡಪ್ಪನ ಮೇಲೆ, ಹೊಸದಾಗಿ ಮದುವೆಯಾದವಳಿಗೂ ಬರದಷ್ಟು ಪ್ರೀತಿ ಬಂದಿತ್ತು. ಅದನ್ನು ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತು ತೆಗೆದರು.

"ಆದ್ರೂ ದಾಕ್ಷಿ, ಹಬ್ಬದ ಹೊತ್ಗೆ ಕೊಸರೆಲ್ಲ ಅರ್ಧ ಬೆಲೆಗೆ ಬರ್ತಾವೆ. ಒಂಚೂರು ಕಾಯಬಹುದಿತ್ತು ನೀನು."

"ಕಾದಿದ್ದೀನಿ ಕಣ್ರೀ," ಅಂದೆ.

ಅವರು ನನ್ನನ್ನು ನೋಡಿದರು. ಮತ್ತೆ ಬೆಲೆಯ ಮಾತೆತ್ತಲಿಲ್ಲ. ಪಂಚೆ ಎತ್ತಿ ಕಟ್ಟಿ, ನನ್ನ ಪಕ್ಕದಲ್ಲೇ ನೀರಿಗೆ ಕಾಲು ಚಾಚಿ ಕೂತು, ಸದ್ದು ಕೇಳತೊಡಗಿದರು.